ಅಮಾವಾಸ್ಯೆ ತಪ್ಪಿದ ಹಗ್ಗ

ಬ್ಯಾಡಗಿಯ ನಮ್ಮ ವ್ಯಾಯಾಮ ಶಾಲೆಯ ಹಗ್ಗಕ್ಕೆ ಏಳು ತಿಂಗಳಲ್ಲಿ ಏಳು ಸಲ ತಪಾಸಣೆ ಆಗಿದೆ ಎಂದು ನನ್ನ ಫೋನು ಹೇಳುತ್ತದೆ. ಏಳಕ್ಕೆ ಏಳೂ ಹಸಿರು ಗುರುತು. ಪ್ರತಿಯೊಂದರ ಮುಂದೆ ನನ್ನ ಹೆಸರು, ಶಂಭುಲಿಂಗ, ಆಮೇಲೆ ತಾರೀಖು, ಗಂಟೆ, ನಿಮಿಷ. ಅವುಗಳಲ್ಲಿ ಎರಡು ಖರೆ. ಉಳಿದ ಐದನ್ನು ಎಲ್ಲೆಲ್ಲಿ ಕೂತು ಒತ್ತಿದೆ ಎಂಬುದನ್ನು ಹೇಳಿಬಿಡುತ್ತೇನೆ. ಹೇಳದೆ ಇರಲು ಹದಿನಾರು ದಿನ ನೋಡಿದೆ, ಆಗಲಿಲ್ಲ.

ನಾನು ಮೆಣಸಿನಕಾಯಿ ದಲಾಲಿ. ಸಿಟ್ಟಿನ ಮನುಷ್ಯ ಎಂದು ಪೇಟೆಯಲ್ಲೆಲ್ಲ ಹೆಸರು. ಚೀಲದ ಬಾಯಿಗೆ ಒಣಗಿದ ಕಾಯಿ ಹಾಕಿ ಬುಡದಲ್ಲಿ ತೊಯ್ದ ಕಾಯಿ ತುಂಬಿಕೊಂಡು ಬಂದವರನ್ನು ಹತ್ತು ಜನರ ಮುಂದೆ ಮಾನ ತೆಗೆದು ಕಳಿಸಿದ್ದೇನೆ. ಬುಡದವರೆಗೆ ಕೈ ಹಾಕದೆ ನಾನು ಯಾವ ಚೀಲಕ್ಕೂ ದರ ಹೇಳಿದವನಲ್ಲ. ಇದನ್ನೊಂದು ನೆನಪಿಡಿ.

ವ್ಯಾಯಾಮ ಶಾಲೆಗೆ ನಾನು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಊರವರು ಅದನ್ನು ಇನ್ನೂ ಗರಡಿ ಎಂದೇ ಕರೆಯುತ್ತಾರೆ. ತಗಡಿನ ಮಾಡು, ಗೋಡೆಗೆ ಕದರಮಂಡಲಗಿಯ ಹನುಮಂತ ಕಾಂತೇಶನ ಫೋಟೊ, ನಡುವೆ ಔಡಲೆಣ್ಣೆ ಬಳಿದ ಮಲ್ಲಗಂಬ. ಗಂಡುಮಕ್ಕಳು ಕಂಬ ಹತ್ತುತ್ತಾರೆ, ಹೆಣ್ಣುಮಕ್ಕಳು ಹಗ್ಗ ಹತ್ತುತ್ತಾರೆ. ಹದಿನೆಂಟು ಅಡಿ ಎತ್ತರದ ಸಾಗವಾನಿ ಜಂತಿಗೆ ಒಂದು ಕಬ್ಬಿಣದ ಬಳೆ ಇದೆ. ಆ ಬಳೆಯಿಂದ ಮೂರೆಳೆಯ ನೂಲಿನ ಹಗ್ಗ ಇಳಿಬಿದ್ದಿದೆ. ಬಳೆಗೆ ತಿಕ್ಕಿ ಸವೆಯದಿರಲೆಂದು ಹಗ್ಗದ ಆ ಜಾಗಕ್ಕೆ ಅರಿವೆ ಸುತ್ತಿರುತ್ತಾರೆ. ಹುಡುಗಿಯರು ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಗ್ಗ ಹಿಡಿದು ಹತ್ತಿ, ತೊಡೆಗೂ ಸೊಂಟಕ್ಕೂ ಸುತ್ತಿಕೊಂಡು, ಮೇಲೆ ತಲೆಕೆಳಗಾಗಿ ಎರಡೂ ಕೈ ಬಿಡುತ್ತಾರೆ. ಕೆಳಗೆ ನಾಲ್ಕು ಬೆರಳು ದಪ್ಪದ ಗಾದಿ. ನನ್ನ ಮಗಳು ಭುವನಾ, ಹದಿಮೂರು ವರ್ಷದವಳು, ಹಗ್ಗದ ಮೇಲೆ ಎಲ್ಲರಿಗಿಂತ ಮುಂದು. ಅವಳು ಕೈ ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಆಮೇಲೆ ಯಾರಾದರೂ ನೋಡಿದರೇನೋ ಎಂದು ಮೀಸೆ ತಿರುವುತ್ತಿದ್ದೆ.

ಕಲಿಸುವವರು ಇಸಾಕಸಾಬ ಉಸ್ತಾದರು. ಎಪ್ಪತ್ತೆರಡು ವರ್ಷ. ಅಮಾವಾಸ್ಯೆಯ ದಿನ ಗರಡಿಗೆ ರಜೆ. ಊರಲ್ಲಿ ಎತ್ತಿನ ಹೆಗಲಿಗೆ ನೊಗ ಇಡದ ದಿನ ಮಕ್ಕಳೂ ಹಗ್ಗ ಮುಟ್ಟುವುದಿಲ್ಲ. ಆ ದಿನವೇ ಉಸ್ತಾದರ ಕೆಲಸ. ಏಣಿ ಹತ್ತಿ, ಅರಿವೆ ಬಿಚ್ಚಿ, ಹಗ್ಗ ಇಳಿಸಿ, ಗಾದಿಯ ಮೇಲೆ ಕೂತು, ಕಣ್ಣು ಮುಚ್ಚಿ, ಇಡೀ ಹಗ್ಗವನ್ನು ಮುಷ್ಟಿಯೊಳಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾಯಿಸುತ್ತಿದ್ದರು. ಆಗ ಯಾರೂ ಮಾತಾಡುವ ಹಾಗಿಲ್ಲ. ಗರಡಿಯಲ್ಲಿ ಇನ್ನೊಂದು ಪದ್ಧತಿಯೂ ಇದೆ. ಒಬ್ಬರು ಕೈಯಾಡಿಸಿ ಸೈ ಎಂದ ಹಗ್ಗವನ್ನು ಮರುಪರೀಕ್ಷೆಗೆಂದು ಇನ್ನೊಬ್ಬರು ಮುಟ್ಟುವುದಿಲ್ಲ. ಮುಟ್ಟಿದರೆ ಮೊದಲಿನವರ ಮಾತನ್ನು ನಂಬಲಿಲ್ಲ ಎಂದಂತೆ.

ಹೋದ ವರ್ಷ ಉಸ್ತಾದರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಏಣಿ ಹತ್ತಬಾರದು ಎಂದರು ಡಾಕ್ಟರು. ಕುರ್ಚಿಯಲ್ಲಿ ಕೂತು ಕಲಿಸಬಹುದು, ಅಷ್ಟೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವರು ಕೊನೆಯ ಸಲ ಹಗ್ಗ ನೋಡಿ, ಅದನ್ನು ನನ್ನ ಕೈಗೆ ಕೊಟ್ಟರು.

"ಇನ್ನ ಮ್ಯಾಲ ನಿಮ್ಮ ಕೈ, ಸಾವ್ಕಾರ್ರ. ಹಗ್ಗಾ ಕಣ್ಣೀಲೆ ನೋಡೂದಲ್ರಿ. ಕಣ್ಣ ಮೋಸಾ ಮಾಡ್ತಾವು. ಕೈ ಮೋಸಾ ಮಾಡಂಗಿಲ್ಲ."

ಭುವನಾ ಪಕ್ಕದಲ್ಲೇ ನಿಂತಿದ್ದಳು. ಆಟದ ಸಾಮಾನಿನ ನಿಗಾ ನೋಡುವ ಒಂದು ಆ್ಯಪ್ ಅವಳಿಗೆ ಸಿಕ್ಕಿತ್ತು. ಸಾಮಾನಿನ ಹೆಸರು ಬರೆದು, ಎಷ್ಟು ದಿನಕ್ಕೊಮ್ಮೆ ನೋಡಬೇಕೆಂದು ಹೇಳಿಟ್ಟರೆ, ದಿನ ಬಂದಾಗ ಅದು ಗಂಟೆ ಬಾರಿಸಿ ನೆನಪು ಮಾಡುತ್ತದೆ. ನೋಡಿದ ಮೇಲೆ 'ಆಯ್ತು' ಎಂಬುದನ್ನು ಒತ್ತಬೇಕು. ಒತ್ತಿದರೆ ಹಸಿರು, ಒತ್ತದಿದ್ದರೆ ಹಳದಿ, ತಡವಾದರೆ ಕೆಂಪು. ಅವಳು ನನ್ನ ಫೋನಿನಲ್ಲಿ ಒಂದೊಂದಾಗಿ ಬರೆದಳು. ಕಂಬಕ್ಕೆ ಎಣ್ಣೆ, ಗಾದಿಗೆ ಬಿಸಿಲು, ಡಂಬೆಲ್ಲಿನ ತಿರುಪು. ಹಗ್ಗದ ಸರದಿ ಬಂದಾಗ ಉಸ್ತಾದರನ್ನು ಕೇಳಿದಳು.

"ಇದು ಎಷ್ಟ ದಿನಕ್ಕೊಮ್ಮೆ, ಉಸ್ತಾದಜ್ಜಾ?"

"ಅಮಾಸಿಗೊಮ್ಮೆ, ಮಗಳ."

"ಇದರಾಗ ಅಮಾಸಿ ಇಲ್ಲಜ್ಜಾ. ದಿನಾ ಐತಿ, ವಾರ ಐತಿ, ಮೂವತ್ತ ದಿನಾ ಐತಿ."

"ಮೂವತ್ತ ಹಾಕವ್ವಾ," ಎಂದೆ ನಾನು. "ಅಮಾಸಿಯಿಂದ ಅಮಾಸಿಗೆ ಇನ್ನೆಷ್ಟ ಇರತೈತಿ?"

ಉಸ್ತಾದರು ತಲೆ ಅಲ್ಲಾಡಿಸಿದರು. "ಅಮಾಸಿ ದಿನಾನ ಆಗಬೇಕ್ರಿ. ಅವತ್ತ ಹಗ್ಗಾ ಖಾಲಿ ಇರತೈತಿ."

"ಒಂದ ದಿನಾ ಹಿಂದ ಮುಂದ ಆದ್ರ ಹಗ್ಗ ಏನ್ ಓಡಿ ಹೋಗತೈತೇನ್ರಿ ಉಸ್ತಾದ್ರ?" ಎಂದು ನಾನು ನಕ್ಕೆ. ಭುವನಾಳೂ ನಕ್ಕಳು. ಮೂವತ್ತು ಎಂದು ಬಿತ್ತು.

ಮೊದಲ ಗಂಟೆ ನಾಗರ ಅಮಾವಾಸ್ಯೆಯ ಮರುದಿನ ಬಂತು. ಒಂದೇ ದಿನದ ಹೆಚ್ಚುಕಡಿಮೆ. ಆದರೆ ಆ ಒಂದು ದಿನದಲ್ಲಿ ಗರಡಿ ತೆರೆದಿತ್ತು, ಹಗ್ಗದ ಕೆಳಗೆ ಒಂಬತ್ತು ಹುಡುಗಿಯರು ಸಾಲು ನಿಂತಿದ್ದರು. ಅವರನ್ನು ಸರಿಸಿ, ಏಣಿ ಹತ್ತಿ, ಹಗ್ಗ ಇಳಿಸಿ ನೋಡಿದೆ. ಎರಡನೆಯ ತಿಂಗಳೂ ನೋಡಿದೆ. ಹುಡುಗಿಯರು ಗೊಣಗಿದರು, ನನಗೂ ಏಣಿ ಹತ್ತಿ ಮೊಣಕಾಲು ನೋವು. ಮೂರನೆಯ ಸಲ ಗಂಟೆ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಬಂತು. ಅಫ್ರೀನ್ ಎಂಬ ಹುಡುಗಿ ಆಗಲೇ ಹಗ್ಗದ ಅರ್ಧ ಹತ್ತಿದ್ದಳು. ಇವಳು ಉಸ್ತಾದರ ಮೊಮ್ಮಗಳು, ಭುವನಾಳ ಜೀವದ ಗೆಳತಿ. ಕೆಳಗೆ ನಿಂತು ಹಗ್ಗವನ್ನೊಮ್ಮೆ ಮೇಲಿನವರೆಗೂ ನೋಡಿದೆ. ಚಂದ ಇತ್ತು. 'ಆಯ್ತು' ಒತ್ತಿದೆ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದೇ ನನ್ನನ್ನು ಕೆಡಿಸಿತು. ನಾಲ್ಕನೆಯದನ್ನು ದೀಪಾವಳಿಯ ಗದ್ದಲದಲ್ಲಿ ಅಂಗಡಿಯಲ್ಲಿ ಕೂತು ಒತ್ತಿದೆ. ಐದನೆಯದನ್ನು ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ, ಆರನೆಯದನ್ನು ಕ್ಷೌರಿಕನ ಕುರ್ಚಿಯಲ್ಲಿ. ಅಮಾವಾಸ್ಯೆಗಳು ಬಂದು ಹೋಗುತ್ತಲೇ ಇದ್ದವು. ಆ ದಿನ ಹಗ್ಗ ಖಾಲಿ ತೂಗುತ್ತಿತ್ತು, ಏಣಿ ಗೋಡೆಗೆ ಒರಗಿತ್ತು, ನನಗೂ ಬಿಡುವಿತ್ತು. ಆದರೆ ಫೋನು ಗಂಟೆ ಬಾರಿಸಿರಲಿಲ್ಲ. ಬಾರಿಸಿದಾಗ ನೋಡಿದರಾಯಿತು ಎಂದುಕೊಳ್ಳುತ್ತಿದ್ದೆ. ಬಾರಿಸಿದಾಗ ಹಗ್ಗದ ಮೇಲೆ ಮಕ್ಕಳಿರುತ್ತಿದ್ದರು. ನನ್ನ ಮೂರ್ಖತನ ಎಷ್ಟು ಸರಳವಾಗಿತ್ತೆಂದು ಈಗ ನೆನೆದರೆ ಮೈ ಉರಿಯುತ್ತದೆ.

ಗರಡಿಯ ಕಸ ಗುಡಿಸುವವಳು ಫಕ್ಕೀರವ್ವ. ಜನವರಿಯ ಒಂದು ಬೆಳಿಗ್ಗೆ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತಳು. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಒಂದು ಚಿಟಿಕೆ ಬಿಳಿ ನೂಲಿನ ಪುಡಿ.

"ದಿನಾ ಮುಂಜಾನೆ ಗಾದಿ ಮ್ಯಾಲ ಇದು ಬಿದ್ದಿರತೈತ್ರಿ ಅಣ್ಣಾರ. ಹಗ್ಗದ ಬುಡಕ. ಮೊದಲ ಬೀಳತಿದ್ದಿಲ್ಲ."

ಅಂದು ಪೇಟೆಯ ದಿನ. ಹೊರಗೆ ಟ್ರ್ಯಾಕ್ಟರುಗಳ ಸಾಲು, ಒಳಗೆ ಘಾಟು, ನನಗೆ ಮೂಗು ಸೋರುತ್ತಿತ್ತು. "ಹೊಸಾ ಹಗ್ಗ ಅಂದ್ರ ನೂಲು ಉದರತೈತಿ, ಹಳೇದಾದ್ರೂ ಉದರತೈತಿ," ಎಂದು ಗದರಿದೆ. ಫೋನು ತೆಗೆದು ಅವಳ ಮುಖಕ್ಕೆ ಹಿಡಿದೆ. "ನೋಡಿಲ್ಲೆ. ಎಲ್ಲಾ ಹಸಿರು ಐತಿ. ತಪಾಸಣಿ ಆಗೇತಿ."

ಫಕ್ಕೀರವ್ವನಿಗೆ ಓದಲು ಬಾರದು. ಆ ಹಸಿರನ್ನು ಭಕ್ತಿಯಿಂದ ನೋಡಿದಳು. "ಹಂಗಾರ ಛಲೋ ಆತ್ರಿ," ಎಂದು ಪುಡಿಯನ್ನು ಬಾಗಿಲಾಚೆ ಕೊಡವಿ ಹೋದಳು.

ಅದಾಗಿ ನಾಲ್ಕು ದಿನಕ್ಕೆ ಏಳನೆಯ ಗಂಟೆ ಬಂತು. ಸಂಜೆ. ಭುವನಾ ಗರಡಿಗೆ ಹೋಗುವ ದಾರಿಯಲ್ಲಿ ನನಗೆ ಬುತ್ತಿ ತಂದಿದ್ದಳು. ನಾನು ರೊಟ್ಟಿ ಮುರಿಯುತ್ತಿದ್ದೆ. ಎಡಗೈ ಹೆಬ್ಬೆರಳಿನಿಂದ ಒತ್ತಿದೆ.

"ಹಗ್ಗಾ ನೋಡಿ ಬಂದ್ಯಾ ಪಪ್ಪಾ?"

"ಹೂಂ," ಎಂದೆ. ಬಾಯಲ್ಲಿ ರೊಟ್ಟಿ ಇತ್ತು. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಡಬ್ಬಿ ಮುಚ್ಚಿಕೊಂಡು ಹೋದಳು.

ಹದಿನಾಲ್ಕನೆಯ ದಿನ ಅವಳು ಬಿದ್ದಳು.

ಫೆಬ್ರವರಿ ಕೊನೆಗೆ ಹಾವೇರಿಯಲ್ಲಿ ಜಿಲ್ಲೆಯ ಮಲ್ಲಗಂಬ ಪ್ರದರ್ಶನ ಇತ್ತು. ಅದರ ತಯಾರಿ. ನಾನು ಬಾಗಿಲಲ್ಲಿ ನಿಂತು ಯಾರದೋ ಜೊತೆ ಫೋನಿನಲ್ಲಿ ಜಗಳಾಡುತ್ತಿದ್ದೆ, ಬೆನ್ನು ಒಳಗಿನ ಕಡೆಗಿತ್ತು. ಧಪ್ ಎಂದಿತು. ತಿರುಗಿದಾಗ ಅವಳು ಗಾದಿಯ ಅಂಚಿನ ಮೇಲೆ ಬೆನ್ನು ಕೆಳಗಾಗಿ ಬಿದ್ದಿದ್ದಳು, ಅರ್ಧ ಮೈ ಗಾದಿಯ ಮೇಲೆ, ಅರ್ಧ ನೆಲದ ಮೇಲೆ. ಹಗ್ಗ ಮೇಲಿನಿಂದ ಹಾಗೇ ತೂಗುತ್ತಿತ್ತು. ನಾನು ಮೊದಲು ನೋಡಿದ್ದು ಅದನ್ನು. ಮಗಳನ್ನಲ್ಲ, ಹಗ್ಗವನ್ನು. ಹರಿದಿಲ್ಲ ಎಂದು ಕಂಡ ಮೇಲೆಯೇ ಮಗಳ ಕಡೆ ಓಡಿದೆ. ಇದನ್ನು ಯಾವ ದೇವರ ಮುಂದೆ ಹೇಳಿ ತೊಳೆದುಕೊಳ್ಳಲಿ?

"ಕೈ ಜಾರಿತು," ಎಂದಳು ಭುವನಾ. ಉಸ್ತಾದರು ಕೇಳಿದಾಗಲೂ ಅದೇ. ರಾಣೆಬೆನ್ನೂರಿನ ಎಲುಬಿನ ಡಾಕ್ಟರು ಕೇಳಿದಾಗಲೂ ಅದೇ. "ನಂದ ಕೈ ಜಾರಿತ್ರಿ."

ಬೆನ್ನಿನ ಒಂದು ಎಲುಬು ಬಿರಿದಿತ್ತು. ಆರು ವಾರ ಅಂಗಾತ ಮಲಗಿರಬೇಕು. ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ, ಆದರೆ ಹಗ್ಗದ ಆಸೆ ಬಿಟ್ಟುಬಿಡಿ ಎಂದರು ಡಾಕ್ಟರು. ಹೆಂಡತಿ ಪುಷ್ಪಲತಾ ಆಸ್ಪತ್ರೆಯ ಪಡಸಾಲೆಯಲ್ಲೇ ನೆಲಕ್ಕೆ ಹಣೆ ಹಚ್ಚಿ, ಮಗಳು ಎದ್ದು ನಡೆದರೆ ಕದರಮಂಡಲಗಿಯಲ್ಲಿ ಗುಡಿಯ ಸುತ್ತ ಮೈ ಚಾಚಿ ಚಾಚಿ ದೀಡ ನಮಸ್ಕಾರ ಹಾಕುತ್ತೇನೆ ಎಂದು ಹರಕೆ ಹೊತ್ತಳು. ಎದ್ದು ಕಣ್ಣೊರೆಸಿಕೊಂಡು ನನ್ನನ್ನು ಕೇಳಿದಳು.

"ರೀ, ಹಗ್ಗಾ ನೋಡಿದ್ರಿ ಹೌದಲ್ಲ?"

"ನೋಡೀನಿ," ಎಂದೆ. ಅಲ್ಲಿಂದ ಹಿಂದೆ ಬರುವ ದಾರಿ ಮುಚ್ಚಿತು.

ಮಕ್ಕಳ ತಂದೆತಾಯಿ ಗಾಬರಿಯಾಗಿ ಗರಡಿಯಲ್ಲಿ ಸೇರಿದರು. ಹಗ್ಗ ಸರಿ ಇದೆಯೋ ಇಲ್ಲವೋ ಎಂದು ಒಬ್ಬರು ಕೇಳಿದರು. ನಾನು ಫೋನು ತೆಗೆದೆ. ಅದನ್ನು ಕೈಯಿಂದ ಕೈಗೆ ದಾಟಿಸಿದರು. ಏಳು ಹಸಿರು ಗುರುತು, ಕೊನೆಯದು ಅವಳು ಬೀಳುವ ಹದಿನಾಲ್ಕು ದಿನ ಮುಂಚಿನದು. ಎಲ್ಲರ ಮುಖದ ಬಿಗಿ ಇಳಿಯಿತು, ಸಮಾಧಾನ ಆಯಿತು. ಇಷ್ಟು ಪದ್ಧತಿಯಿಂದ ನೋಡಿಕೊಳ್ಳುವ ಗರಡಿ ಜಿಲ್ಲೆಯಲ್ಲೇ ಇಲ್ಲ ಎಂದು ಒಬ್ಬರು ನನ್ನ ಭುಜ ತಟ್ಟಿದರು. ಸ್ವಂತ ಮಗಳು ಬಿದ್ದರೂ ಸಭೆಗೆ ಬಂದ ಮನುಷ್ಯ ಎಂದರು ಇನ್ನೊಬ್ಬರು.

ಎಲ್ಲರೂ ಹೋದ ಮೇಲೆ ಇಸಾಕಸಾಬರು ಕುರ್ಚಿಯಿಂದ ಎದ್ದು ಹಗ್ಗದ ಹತ್ತಿರ ಬಂದರು.

"ಸಾವ್ಕಾರ್ರ, ಇದನ್ನ ಒಮ್ಮೆ ಇಳಿಸಿ ನನ್ನ ಕೈಗೆ ಕೊಡ್ತೀರೇನು? ಭುವನಾನ ಕೈ ಜಾರೂ ಕೈ ಅಲ್ರಿ."

"ನಾ ಕೈ ಆಡ್ಸೇನ್ರಿ ಉಸ್ತಾದ್ರ," ಎಂದೆ.

ಮುಂದೆ ಚಾಚಿದ್ದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ತಪ್ಪು ಮಾಡಿದವರ ಹಾಗೆ ಎದೆಗೆ ಹಚ್ಚಿಕೊಂಡರು. "ತಪ್ಪ ತಿಳೀಬ್ಯಾಡ್ರಿ. ಮುದಿ ಜೀವ, ಏನೋ ಅಂದೆ. ನೀವು ನೋಡೀರಂದ್ರ ಮುಗೀತು." ಭುವನಾಳ ಜಾಗಕ್ಕೆ ಹಾವೇರಿಗೆ ಅಫ್ರೀನ್ ಹೋಗುತ್ತಾಳೆ ಎಂದೂ ಅವರೇ ಹೇಳಿದರು. ನಾಳೆಯಿಂದ ಅವಳ ಅಭ್ಯಾಸ.

ಆ ಸಭೆಯೊಂದನ್ನು ಬಿಟ್ಟರೆ, ಹದಿನಾರು ದಿನ ನಾನು ಗರಡಿಯ ಕಡೆ ಹೋಗಲಿಲ್ಲ. ಮಗಳ ಸೇವೆ ಎಂದು ಜನ ತಿಳಿದರು. ಹಗ್ಗ ಇಳಿಸಿ ನೋಡಿದರೆ ಯಾಕೆ ಇಳಿಸಿದಿರಿ ಎಂದು ಕೇಳುತ್ತಾರೆ. ಕೆಟ್ಟಿದ್ದರೆ ಮಗಳನ್ನು ಕೆಡವಿದವನು ನಾನು. ನೋಡದಿದ್ದರೆ ಅದು ಸರಿ ಇದ್ದಂತೆಯೇ. ಬೇರೆಯವರ ಚೀಲದ ಬುಡಕ್ಕೆ ಕೈ ಹಾಕುವ ನಾನು ಈ ಒಂದು ಚೀಲದ ಬಾಯಿ ಕಟ್ಟಿ ಕೂತೆ. ಸಂಜೆ ಐದಾಯಿತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐದರಿಂದ ಆರೂವರೆ ಗರಡಿಯ ಹೊತ್ತು. ಆರೂವರೆಗೆ ಓಣಿಯಲ್ಲಿ ಅಫ್ರೀನಳ ಸೈಕಲ್ ಗಂಟೆ ಕೇಳಿದ ಮೇಲೆ ನೀರು ಕುಡಿಯುತ್ತಿದ್ದೆ. ಅವಳು ದಿನಾ ಬಂದು ಭುವನಾಳ ಹಾಸಿಗೆಯ ಪಕ್ಕ ಕೂತು ಅಂದು ಕಲಿತದ್ದನ್ನು ಹೇಳಿ ಹೋಗುತ್ತಿದ್ದಳು. ನಡುವೆ ಅಮಾವಾಸ್ಯೆಯೂ ಬಂತು. ಗರಡಿ ಬಾಗಿಲು ಹಾಕಿತ್ತು, ಇನ್ನೊಂದು ಕೀಲಿ ನನ್ನ ಕಿಸೆಯಲ್ಲಿತ್ತು. ಇಡೀ ದಿನ ಆ ಕೀಲಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ, ಹೋಗಲಿಲ್ಲ.

ಅದು ಕಳೆದು ಮೂರನೆಯ ದಿನ, ಸಂಜೆ ಐದೂಕಾಲು. ಫೋನು ಭುವನಾಳ ದಿಂಬಿನ ಹತ್ತಿರ ಇತ್ತು. ಗಂಟೆ ಬಾರಿಸಿತು. ಅವಳು ಮಲಗಿದಲ್ಲೇ ಅದನ್ನು ಎತ್ತಿ ಮುಖದ ಮೇಲೆ ಹಿಡಿದುಕೊಂಡಳು.

"ಹಗ್ಗದ್ದು ಬಂದೈತಿ ಪಪ್ಪಾ. ಆಯ್ತು ಅಂತ ಒತ್ತಲೇನು?"

ನಾನು ಅವಳ ಹೊದಿಕೆ ಸರಿಮಾಡಿದೆ.

"ಹೋದ ಸರತಿನೂ ನೀ ಇಲ್ಲೆ ಕುಂತಂಗ ಅಂಗಡ್ಯಾಗ ಕುಂತ ಒತ್ತೀದಿ. ರೊಟ್ಟಿ ತಿನ್ನಾಕತ್ತಿದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾರಸಿಯನ್ನು ನೋಡುತ್ತ ಹೇಳಿದಳು. "ನನ್ನ ಕೈ ಜಾರಿಲ್ಲ ಪಪ್ಪಾ. ಮ್ಯಾಲ ಟಕ್ ಅಂತು. ಹಗ್ಗಾ ಒಂದ ಗೇಣು ಕೆಳಗ ಬಂತು. ಆ ಜಗ್ಗಿಗೆ ಬಿಟ್ಟೆ."

"ಮತ್ತ ಯಾಕ ಹೇಳಲಿಲ್ಲವ್ವಾ?"

"ಎಲ್ಲಾರೂ ನಿನಗ ಬೈತಿದ್ರು."

ನನ್ನ ಹದಿಮೂರು ವರ್ಷದ ಮಗಳು ನನ್ನ ಸುಳ್ಳನ್ನು ಕಾಯಲು ತನ್ನ ಸುಳ್ಳನ್ನು ಬೆನ್ನಿಗೆ ಕಟ್ಟಿಕೊಂಡು ಮಲಗಿದ್ದಳು.

"ನೀ ಆಮ್ಯಾಲರೆ ಹೊಸಾ ಹಗ್ಗಾ ಹಾಕಿರತಿ ಅಂತ ತಿಳಕೊಂಡೀನಿ. ಹಾಕೀದಿ ಅಲ್ಲಾ?" ಎಂದಳು. ನಾನು ತಲೆ ತಗ್ಗಿಸಿದೆ. ಆಗ ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು. "ಪಪ್ಪಾ. ಈಗ ಅಫ್ರೀನ್ ಹತ್ತಿರತಾಳ."

ಗರಡಿಯೊಳಗೆ ಕಾರ್ಯದರ್ಶಿಯೊಬ್ಬನನ್ನು ಬಿಟ್ಟು ಬೇರೆ ಯಾರೂ ಫೋನು ತರಬಾರದು ಎಂಬುದು ಉಸ್ತಾದರ ನಿಯಮ. ಯಾರಿಗೂ ಹೇಳಿ ಕಳಿಸುವ ಹಾಗಿರಲಿಲ್ಲ. ಸ್ಕೂಟರ್ ತೆಗೆದೆ. ಪೇಟೆಯ ರಸ್ತೆಯಲ್ಲಿ ಚೀಲ ಹೇರಿದ ಟ್ರ್ಯಾಕ್ಟರುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಸ್ಕೂಟರನ್ನು ಅಲ್ಲೇ ಕೆಡವಿ ಓಡಿದೆ. ಗಾಳಿಯ ತುಂಬ ಕೆಂಪು ಧೂಳು, ಗಂಟಲಿಗೆ ಬೆಂಕಿ ಬಿದ್ದಂತೆ ಘಾಟು. ಏನಾತ್ರಿ ಸಾವ್ಕಾರ್ರ ಎಂದು ಯಾರೋ ಕೂಗಿದರು. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು, ಒಂದು ಗೇಣು, ಒಂದು ಗೇಣು.

ಗರಡಿಯ ಬಾಗಿಲಲ್ಲಿ ನಿಂತೆ. ಅಫ್ರೀನ್ ಮೇಲಿದ್ದಳು. ಬಳೆಯಿಂದ ಎರಡು ಮೊಳ ಕೆಳಗೆ, ತಲೆಕೆಳಗಾಗಿ, ಎರಡೂ ಕೈ ಬಿಟ್ಟು. ಉಸ್ತಾದರು ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. ಕೂಗಲು ಬಾಯಿ ತೆರೆದೆ, ಕೆಮ್ಮು ಬಂತು. ಒಳ್ಳೆಯದೇ ಆಯಿತು. ಕೂಗಿದ್ದರೆ ಹುಡುಗಿ ಬೆಚ್ಚುತ್ತಿದ್ದಳು. ಹತ್ತಿರ ಹೋಗಿ ಉಸ್ತಾದರ ಕಿವಿಗೆ ಬಗ್ಗಿ ಹೇಳಿದೆ.

"ನಾ ಹಗ್ಗಾ ನೋಡಿಲ್ರಿ. ಆರ ತಿಂಗಳಾತು. ಭುವನಾ ಬಿದ್ದಾಗ ಅದು ಕೆಳಗ ಬಂದೈತಿ."

ಅವರು ನನ್ನ ಕಡೆ ತಿರುಗಲಿಲ್ಲ. ಎಣಿಕೆ ನಿಲ್ಲಿಸಿ, ದಿನದ ದನಿಯಲ್ಲೇ ಮೇಲೆ ಹೇಳಿದರು. "ಅಫ್ರೀನ್, ಇವತ್ತಿಗೆ ಸಾಕು ಮಗಾ. ಸಾವಕಾಶ ಇಳಿ. ಜಗ್ಗಬ್ಯಾಡ. ಒಂದೊಂದ ಸುತ್ತು ಬಿಚ್ಚು." ಹೇಳುತ್ತಲೇ ಕುರ್ಚಿಯಿಂದ ಎದ್ದು ಹಗ್ಗದ ಕೆಳಗೆ ಬಂದು ನಿಂತರು.

ಅವಳು ಸೊಂಟದ ಸುತ್ತು ಬಿಚ್ಚಿದಳು. ಹಗ್ಗ ತಿರುಗಿತು. ಮೇಲೆ ಟಕ್ ಎಂದಿತು.

ಹಗ್ಗ ಕೆಳಗೆ ಬಂತು, ಒಂದು ಗೇಣಿಗಿಂತ ಹೆಚ್ಚೇ. ಅಫ್ರೀನ್ ಸಣ್ಣಗೆ ಚೀರಿ ಎರಡೂ ಕೈಯಿಂದ ಹಗ್ಗ ಅಪ್ಪಿಕೊಂಡಳು. ಬಿಳಿ ನೂಲಿನ ಪುಡಿ ಉದುರಿ ಉಸ್ತಾದರ ಟೊಪ್ಪಿಗೆಯ ಮೇಲೆ ಬಿತ್ತು. "ಏನಿಲ್ಲ, ಏನಿಲ್ಲ," ಎಂದರು ಅವರು. "ಕಾಲ ಸಂದ್ಯಾಗ ಹಿಡಿ. ಇಳಿ. ಅಜ್ಜಾ ಇಲ್ಲೇ ಅದೇನಿ." ನಾನು ಗಾದಿಯ ಮೇಲೆ ಎರಡೂ ಕೈ ಮೇಲೆತ್ತಿ ನಿಂತೆ. ಬಿದ್ದರೆ ನನ್ನ ಮೇಲೆ ಬೀಳಲಿ ಎಂದು ಬೇಡಿಕೊಂಡೆ. ಅವಳು ಒಂದೊಂದೇ ಹಿಡಿ ಇಳಿದಳು. ಪಾದ ಕೈಗೆ ಸಿಕ್ಕಿತು. ಎಳೆದು ಎದೆಗೆ ಅಪ್ಪಿಕೊಂಡೆ.

ಏಣಿ ಹತ್ತಿ ಹಗ್ಗ ಇಳಿಸಿ ಉಸ್ತಾದರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಮುಷ್ಟಿಯಲ್ಲಿ ಹಾಯಿಸಿದರು. ಅರಿವೆಯ ಹತ್ತಿರ ಮುಷ್ಟಿ ನಿಂತಿತು. ಅರಿವೆ ಬಿಚ್ಚಿದರು. ಬಳೆಯ ತುಕ್ಕು ಹಿಡಿದು ಒಳಗಿನ ಹಗ್ಗ ಕಂದಾಗಿತ್ತು. ಒಂದು ಎಳೆ ಹಳೆಯದಾಗಿ ಹರಿದಿತ್ತು, ಇನ್ನೊಂದು ಈಗ ಹರಿದಿತ್ತು.

"ಒಂದ ಉಳಿದೈತಿ," ಎಂದರು. ಆ ಎಳೆಯ ಮೇಲೆ ಬೆರಳಿಟ್ಟುಕೊಂಡೇ, "ಹುಡುಗಿ ಬಿದ್ದು ಎಷ್ಟ ದಿನಾ ಆತ್ರಿ ಸಾವ್ಕಾರ್ರ?"

"ಹದಿನಾರು."

"ನಾನ ಹತ್ತಿಸೇನಿ ಇಕಿನ್ನ. ನನ್ನ ಕೈಯಾರೆ. ನಿಮ್ಮ ಕೈ ಆಡೇತಿ ಅಂತ ನಂಬಿದ್ನೆಲ್ರಿ." ಹಗ್ಗವನ್ನು ನನ್ನ ತೋಳಿನ ಮೇಲೆ ಹಾಕಿದರು. ಮೊಮ್ಮಗಳ ಕೈ ಹಿಡಿದು ಹೊರಗೆ ನಡೆದರು. ಟೊಪ್ಪಿಗೆಯ ಮೇಲಿನ ಪುಡಿಯನ್ನು ಕೊಡವಿಕೊಳ್ಳಲಿಲ್ಲ.

ಹಗ್ಗ ಹೊತ್ತು ಮನೆಗೆ ಬಂದೆ. ಭುವನಾ ಬಾಗಿಲನ್ನೇ ನೋಡುತ್ತಿದ್ದಳು.

"ಇಳದ್ಲು?"

"ಇಳದ್ಲವ್ವಾ."

ಅವಳು ಕಣ್ಣು ಮುಚ್ಚಿದಳು, ಎರಡೂ ಕಡೆ ನೀರು ಇಳಿದು ಕಿವಿಗೆ ಹೋಯಿತು. ನಾನು ಎಲ್ಲವನ್ನೂ ಹೇಳಿದೆ, ಅವಳ ತಾಯಿಯೂ ಬಾಗಿಲಲ್ಲಿ ನಿಂತು ಕೇಳಿದಳು. ನಾಳೆ ಸಭೆ ಕರೆದು ಎಲ್ಲರ ಮುಂದೆ ಹೇಳುತ್ತೇನೆ ಎಂದೆ.  ಭುವನಾ ಬಲಗೈ ಎತ್ತಿ ಎದೆಯ ಮೇಲಿಟ್ಟು ಮುಷ್ಟಿ ಮಾಡಿದಳು.

"ತುದಿ ಇದರಾಗ ಕೊಡು. ಎಳಿ ಪಪ್ಪಾ. ಸಾವಕಾಶ."

ಎಳೆದೆ. ಹಗ್ಗ ಅವಳ ಸಣ್ಣ ಮುಷ್ಟಿಯೊಳಗೆ ಸರಿಯುತ್ತ ಹೋಯಿತು. ಅವಳು ಉಸ್ತಾದರ ಹಾಗೆಯೇ ಕಣ್ಣು ಮುಚ್ಚಿದ್ದಳು, ಯಾರೂ ಮಾತಾಡಲಿಲ್ಲ. ಕೊನೆಯಲ್ಲಿ ಮುಷ್ಟಿ ನಿಂತಿತು.

"ಇಲ್ಲೆ," ಎಂದಳು.

ಕಣ್ಣು ತೆರೆದು, ನನ್ನನ್ನು ನೋಡದೆ, ಗೋಡೆಯ ಗಡಿಯಾರ ನೋಡಿದಳು.

"ಎರಡ ನಿಮಿಷಾನೂ ಆಗಲಿಲ್ಲ ಪಪ್ಪಾ."